ಹಳೆಯ ಮನೆಗೆ ಹೊಸ ಒಕ್ಕಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಬೇರೆಯವರು ಕಟ್ಟಿ, ಬಾಳಿ, ಬಿಟ್ಟುಹೋದ ಮನೆಯನ್ನು ಕೊಂಡು ನೋಡು ಎಂದು ಮಾತ್ರ ಯಾರೂ ಹೇಳಿದಂತಿಲ್ಲ. ಆಗೆಲ್ಲ ಮನೆ ಮಾರುವುದೆಂದರೆ ಮನೆತನವೇ ಮುಳುಗಿತೆಂಬ ಭಾವನೆ. ಕೊಳ್ಳುವವರೂ ಹತ್ತು ಸಲ ಹಿಂದೆ ಮುಂದೆ ನೋಡುತ್ತಿದ್ದರು. ಈಗ ಮೈಸೂರಿನ ಲಕ್ಷ್ಮೀಪುರಂ, ಚಾಮುಂಡಿಪುರಂ, ಬೆಂಗಳೂರಿನ ಬಸವನಗುಡಿ, ಧಾರವಾಡದ ಮಾಳಮಡ್ಡಿಯಂಥ ಹಳೆಯ ಬಡಾವಣೆಗಳಲ್ಲಿ ಐವತ್ತು, ಅರವತ್ತು, ಎಂಬತ್ತು ವರ್ಷದ ಮನೆಗಳು ಕೈ ಬದಲಾಯಿಸುತ್ತಲೇ ಇವೆ. ಕಟ್ಟಿಸಿದ ಅಜ್ಜ ಇಲ್ಲ, ಮಕ್ಕಳು ಹೊರದೇಶದಲ್ಲಿ, ಅಜ್ಜಿಯೊಬ್ಬರೇ ಅಷ್ಟು ದೊಡ್ಡ ಮನೆ ಗುಡಿಸಲಾರರು. ಕೊನೆಗೊಂದು ದಿನ ಗೇಟಿಗೆ ಫಲಕ ಬೀಳುತ್ತದೆ.

ಕೊಳ್ಳುವವರು ಯಾರು? ಬಹುಪಾಲು ನಮ್ಮ ನಿಮ್ಮಂಥ ಸಂಬಳದ ಜನ. ಶಾಲೆಗೆ ನಡೆದು ಹೋಗಬಹುದು, ಕಾಲೇಜಿಗೆ ಸೈಕಲ್ ಸಾಕು, ಗ್ರಂಥಾಲಯ ಹತ್ತಿರ, ಮಾರ್ಕೆಟ್ಟು ಹತ್ತಿರ, ಹಿತ್ತಲಲ್ಲೊಂದು ತೆಂಗಿನ ಮರ. ಊರ ಹೊರಗಿನ ಹೊಸ ಬಡಾವಣೆಯಲ್ಲಿ ದಿನಕ್ಕೆರಡು ಗಂಟೆ ಬಸ್ಸಿನಲ್ಲಿ ಕಳೆಯುವ ಮಕ್ಕಳ ತಂದೆತಾಯಿಗೆ ಇದು ಸಣ್ಣ ಆಸೆಯಲ್ಲ. ಆದರೆ ಸಾಲ ತೆಗೆದು, ನೋಂದಣಿ ಮುಗಿಸಿ, ಮುದ್ರಾಂಕ ಶುಲ್ಕ ಕಟ್ಟಿ ಹೊರಬರುವ ಹೊತ್ತಿಗೆ ಕೈಯಲ್ಲಿ ಉಳಿಯುವುದು ಅಷ್ಟರಲ್ಲೇ ಇರುತ್ತದೆ. ಆ ಉಳಿದ ದುಡ್ಡು ಎಲ್ಲಿ ಮೊದಲು ಹೋಗಬೇಕು? ನಿಜವಾದ ಪರೀಕ್ಷೆ ಇರುವುದು ಇಲ್ಲೇ.

ನನಗೆ ಪರಿಚಯದ ಮೇಷ್ಟ್ರೊಬ್ಬರು ಮೈಸೂರಿನಲ್ಲಿ ಇಂಥದೊಂದು ಮನೆ ಕೊಂಡರು. ಮಗಳು ಒಂಬತ್ತನೇ ತರಗತಿ ಮುಗಿಸಿದ್ದಳು, ಮಗ ಆರರಲ್ಲಿದ್ದ. ಮನೆಯವರಿಗೆ ಅಡುಗೆಮನೆ ಹೊಸದಾಗಬೇಕು, ಮಗನಿಗೆ ನೀಲಿ ಬಣ್ಣದ ಕೋಣೆ ಬೇಕು, ಮಗಳಿಗೆ ಓದಲು ಬಾಗಿಲಿರುವ ಜಾಗ ಬೇಕು. ನೆಂಟರಿಷ್ಟರದು ಒಂದೇ ಮಾತು: ಇದನ್ನೇನು ರಿಪೇರಿ ಮಾಡ್ತೀರಿ, ಒಡೆದು ಕಟ್ಟಿಸಿ. ಒಡೆದು ಕಟ್ಟಿಸಲು ಮೇಷ್ಟ್ರ ಹತ್ತಿರ ದುಡ್ಡಿರಲಿಲ್ಲ. ಬಣ್ಣದವನಿಗೆ ಮುಂಗಡ ಕೊಡಬೇಕೆಂದಿರುವಾಗ, ಪಕ್ಕದ ಮನೆಯವರು ಕಳಿಸಿಕೊಟ್ಟ ವಯಸ್ಸಾದ ಗಾರೆ ಮೇಸ್ತ್ರಿಯೊಬ್ಬರು ಬಂದು, ನಡುಮನೆಯ ಗೋಡೆಯ ಮೇಲೆ ಅಂಗೈ ಇಟ್ಟು ನೋಡಿ, ಈ ಮಳೆಗಾಲ ಕಳೆಯುವ ತನಕ ಗೋಡೆ ಮುಟ್ಟಬೇಡಿ ಎಂದು ಹೇಳಿ ಕೂಲಿಯನ್ನೂ ಕೇಳದೆ ಹೋದರು. ಬಣ್ಣದವನಿಗೆ ಕೊಡಬೇಕಿದ್ದ ದುಡ್ಡು ಉಳಿಯಿತು. ಮೇಸ್ತ್ರಿಯ ಮಾತಿನಲ್ಲಿ ಎಷ್ಟು ಅರ್ಥವಿತ್ತೆಂಬುದು ಜುಲೈನಲ್ಲಿ ಗೊತ್ತಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಕಾಗದಪತ್ರದ ವಿಷಯ ಇಲ್ಲಿ ಒಂದೆರಡು ಮಾತಷ್ಟೇ. ಕ್ರಯಪತ್ರ ಕೈಗೆ ಬಂದ ಕೂಡಲೇ ಖಾತೆ ಬದಲಾವಣೆ, ಕಂದಾಯದ ರಸೀದಿ, ನೀರಿನ ಹಾಗೂ ವಿದ್ಯುತ್ ಮೀಟರಿನ ಹೆಸರು ಬದಲಾವಣೆ, ಈ ಮೂರನ್ನೂ ಮುಗಿಸಿಬಿಡಿ. ಇನ್ನೂ ಕೊಳ್ಳುವ ಯೋಚನೆಯಲ್ಲೇ ಇರುವವರು ಋಣಭಾರ ಪ್ರಮಾಣಪತ್ರದ ಜತೆಗೆ ಮಾರುವವರ ವಂಶವೃಕ್ಷವನ್ನೂ ಕೇಳಿ ನೋಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಅಣ್ಣತಮ್ಮಂದಿರ ಸಹಿ ಮಾತ್ರ ಇದ್ದು ಅಕ್ಕತಂಗಿಯರ ಸಹಿ ಇಲ್ಲದಿದ್ದರೆ ವಕೀಲರನ್ನು ಕೇಳದೆ ಮುಂಗಡ ಕೊಡಬೇಡಿ.

ಮನೆಯ ಜಾತಕ

ಹಳೆಯ ಮನೆಗಳೆಲ್ಲ ಒಂದೇ ತರದವಲ್ಲ. ಕರಾವಳಿಯಲ್ಲಿ ಮುರಕಲ್ಲಿನ ಗೋಡೆ, ಮೇಲೆ ಮಂಗಳೂರು ಹೆಂಚು. ಮಲೆನಾಡಿನಲ್ಲಿ ಮಣ್ಣಿನ ಗೋಡೆಗೂ ಅದೇ ಹೆಂಚು. ಹಳೇ ಮೈಸೂರಿನ ಕಡೆ ಸುಟ್ಟ ಇಟ್ಟಿಗೆ, ಸುಣ್ಣದ ಗಾರೆ, ಮೇಲೆ ಮದರಾಸು ತಾರಸಿ. ಉತ್ತರ ಕರ್ನಾಟಕದಲ್ಲಿ ದಪ್ಪ ಗೋಡೆಯ ಮೇಲೆ ಮಣ್ಣಿನ ಮಾಳಿಗೆ. ಆಮೇಲೆ ಕಟ್ಟಿದವು ಕಬ್ಬಿಣ, ಕಾಂಕ್ರೀಟಿನ ಆರ್.ಸಿ.ಸಿ. ಮನೆಗಳು. ನಮ್ಮಲ್ಲಿ ಸಿಮೆಂಟು ಬೇಕಾದಷ್ಟು ಸಿಗತೊಡಗಿದ್ದೇ ಈಚೆಗೆ. 1982ರಲ್ಲಿ ಭಾಗಶಃ, 1989ರಲ್ಲಿ ಪೂರ್ತಿಯಾಗಿ ಸರ್ಕಾರದ ನಿಯಂತ್ರಣ ತೆಗೆಯುವ ತನಕ ಸಿಮೆಂಟಿಗೆ ಪರ್ಮಿಟ್ಟು ಬೇಕಿತ್ತೆಂಬುದು ಇಂದಿನ ತಂದೆತಾಯಿಗಳಿಗೇ ಮರೆತಿರಬಹುದು. ಹಾಗಾಗಿ ತುಸು ಹಳೆಯ ಮನೆಯೆಂದರೆ ಗೋಡೆಯಲ್ಲಿ ಸುಣ್ಣವೋ ಮಣ್ಣೋ ಇರುವ ಸಂಭವವೇ ಹೆಚ್ಚು.

ತಿಳಿಯುವುದು ಹೇಗೆ? ಕಣ್ಣಿಗೆ ಬೀಳದ ಮೂಲೆಯಲ್ಲಿ, ಪಾಯಖಾನೆಯ ಹಿಂದೆಯೋ ಅಟ್ಟದ ಮೇಲೆಯೋ, ಗಿಲಾವು ಬಿದ್ದ ಜಾಗ ಒಂದಾದರೂ ಇರುತ್ತದೆ. ಅಲ್ಲಿ ಇಟ್ಟಿಗೆಯ ಸಂದನ್ನು ಬೀಗದ ಕೈಯಿಂದ ಕೆರೆಯಿರಿ. ಕೀಲಿಗೆ ಸುಲಭವಾಗಿ ಬಿಳಿಯ ಇಲ್ಲವೆ ನಸುಗೆಂಪು ಪುಡಿ ಉದುರಿದರೆ ಸುಣ್ಣದ ಗಾರೆ. ನಸುಗೆಂಪು ಬರುವುದು ಸುರ್ಕಿಯಿಂದ, ಎಂದರೆ ಇಟ್ಟಿಗೆಯ ಪುಡಿಯಿಂದ. ಬೂದು ಬಣ್ಣ, ಕೀಲಿಗೆ ಜಗ್ಗದ ಗಟ್ಟಿ ಎಂದರೆ ಸಿಮೆಂಟು. ಕಂದು ಮಣ್ಣೇ ಬಂದರೆ ಮಣ್ಣು.

ಮಕ್ಕಳಿಗೆ ಇಲ್ಲೇ ಮೊದಲ ಕೆಲಸ ಕೊಡಿ. ಒಂದು ಗ್ರಾಫ್ ಪುಸ್ತಕ, ಒಂದು ಟೇಪು. ಒಂದು ಚೌಕಕ್ಕೆ ಒಂದಡಿಯಂತೆ ಮನೆಯ ನಕ್ಷೆ ಬರೆಯಲಿ. ಗೋಡೆಯ ದಪ್ಪ, ಬಾಗಿಲು ತೆರೆಯುವ ದಿಕ್ಕು, ಕಿಟಕಿ, ನಲ್ಲಿ, ಸ್ವಿಚ್ಚು, ಚರಂಡಿ ಎಲ್ಲವೂ ಅದರಲ್ಲಿ ಬರಲಿ. ಗೋಡೆಯಲ್ಲಿ ಬಿರುಕಿದ್ದರೆ ಅದರ ಎರಡೂ ತುದಿಗೆ ಪೆನ್ಸಿಲ್ಲಿನಿಂದ ಗೆರೆ ಎಳೆದು ತಾರೀಖು ಬರೆದಿಡಲಿ. ಮೂರು ತಿಂಗಳಾದರೂ ಗೆರೆ ದಾಟದ ಬಿರುಕು ಹಳೆಯದು, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ದಾಟಿ ಬೆಳೆಯುತ್ತಿದ್ದರೆ, ಅದರಲ್ಲೂ ಬಾಗಿಲ ಮೂಲೆಯಿಂದ ಓರೆಯಾಗಿ ಏರುತ್ತಿದ್ದರೆ, ಎಂಜಿನಿಯರನ್ನು ಕರೆಸುವ ಹೊತ್ತಾಯಿತು. ಈ ಪುಸ್ತಕ ಮುಂದೆ ಪ್ಲಂಬರಿನಿಂದ ಬಡಗಿಯವರೆಗೆ ಎಲ್ಲರಿಗೂ ಬೇಕಾಗುತ್ತದೆ. ಮೇಷ್ಟ್ರ ಮಗಳು ಬರೆದ ನಕ್ಷೆಯಲ್ಲಿ ಒಂದು ಗೋಡೆಯ ದಪ್ಪ ಬೇರೆಲ್ಲ ಗೋಡೆಗಳಿಗಿಂತ ಕಡಿಮೆ ಬಂದಿತ್ತು. ಎರಡು ಸಲ ಅಳೆದರೂ ಅಷ್ಟೇ. ಮೂಲ ಮನೆಯಲ್ಲಿ ಇಲ್ಲದೆ ನಂತರ ಎದ್ದ ಅಡ್ಡಗೋಡೆ ಅದೆಂದು ಎಂಜಿನಿಯರು ನೋಡಿ ಹೇಳಿದರು. ಇಡೀ ಮನೆಯಲ್ಲಿ ತೆಗೆಯಬಹುದಾಗಿದ್ದ ಗೋಡೆ ಅದೊಂದೇ.

ಇದನ್ನು ಒತ್ತಿ ಹೇಳಲು ಕಾರಣವುಂಟು. ಈಗಿನ ಮನೆಗಳಲ್ಲಿ ಭಾರ ಹೊರುವುದು ಕಂಬ ಮತ್ತು ತೊಲೆ. ನಡುವಿನ ಗೋಡೆ ಬರೀ ಪರದೆ. ಹಳೆಯ ಮನೆಯಲ್ಲಿ ಗೋಡೆಯೇ ಕಂಬ. ನಡುಮನೆ ಮತ್ತು ಕೋಣೆಯನ್ನು ಒಂದು ಮಾಡಿ ದೊಡ್ಡ ಹಾಲ್ ಮಾಡಿಕೊಡುತ್ತೇನೆಂದು ಸಲೀಸಾಗಿ ಹೇಳುವ ಗುತ್ತಿಗೆದಾರನ ಮಾತು ಕೇಳಿ ಸುತ್ತಿಗೆ ಎತ್ತಬೇಡಿ. ಮೈಸೂರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದದ್ದು ದುರಸ್ತಿ ಕೆಲಸ ನಡೆಯುತ್ತಿದ್ದಾಗಲೇ. ಹಳೆಯ ಗಾರೆಯ ಕಟ್ಟಡ ನೂರು ವರ್ಷ ನಿಂತಿದೆಯೆಂದ ಮಾತ್ರಕ್ಕೆ ನಮ್ಮ ಕೈಚಳಕವನ್ನೆಲ್ಲ ತಡೆದುಕೊಳ್ಳುತ್ತದೆ ಎಂದು ತಿಳಿಯಬಾರದು.

ನೀರು ಎಲ್ಲಿಂದ ಬರುತ್ತದೆ?

ಹಳೆಯ ಮನೆಯ ರೋಗಗಳಲ್ಲಿ ಮುಕ್ಕಾಲು ಪಾಲಿಗೆ ಮೂಲ ನೀರು. ನೆಲದಿಂದ ಎರಡು ಮೂರಡಿ ಎತ್ತರದವರೆಗೆ ಬಣ್ಣ ಹೊಪ್ಪಳೆ ಎದ್ದು ಉದುರುವುದು, ಗೋಡೆಯ ಮೇಲೆ ಬಿಳಿ ಉಪ್ಪು ಹೂತಂತೆ ಕಾಣುವುದು, ಬೀರುವಿನಲ್ಲಿಟ್ಟ ಪುಸ್ತಕಕ್ಕೆ ಬೂಷ್ಟು ಬರುವುದು, ಚೌಕಟ್ಟಿನ ಬುಡ ಮೆತ್ತಗಾಗುವುದು ಎಲ್ಲವೂ ಅದರ ಮಕ್ಕಳೇ. ಇದಕ್ಕೆ ಸಾಮಾನ್ಯವಾಗಿ ನಾವು ಮಾಡುವ ಮದ್ದು ಯಾವುದು? ಉದುರುವ ಗಿಲಾವನ್ನು ಕೆತ್ತಿಸಿ ಗಟ್ಟಿ ಸಿಮೆಂಟು ಮೆತ್ತಿಸಿ, ಮೇಲೆ ಪುಟ್ಟಿ ಎಳೆಸಿ, ಹೊಳೆಯುವ ಬಣ್ಣ ಬಳಿಸುವುದು. ಒಂದು ವರ್ಷ ಚೆಂದ. ಎರಡನೇ ಮಳೆಗಾಲಕ್ಕೆ ಸಿಮೆಂಟು ಎಲ್ಲಿ ಮುಗಿಯುತ್ತದೋ ಅದರ ಮೇಲೆ, ನಾಲ್ಕಡಿ ಎತ್ತರದಲ್ಲಿ, ಹೊಸ ಹೊಪ್ಪಳೆ!

ಪಿ.ಯು.ಸಿ. ವಿಜ್ಞಾನದ ಮಕ್ಕಳು ಇದನ್ನು ತಂದೆತಾಯಿಗೆ ವಿವರಿಸಬಲ್ಲರು. ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಇಟ್ಟಿಗೆ ಮತ್ತು ಗಾರೆಯ ಸಣ್ಣ ರಂಧ್ರಗಳಲ್ಲಿ ನೆಲದ ನೀರು ಮೇಲೇರುತ್ತದೆ. ಲೋಮನಾಳ ಕ್ರಿಯೆ ಎಂದು ಪಠ್ಯಪುಸ್ತಕ ಹೇಳುವುದು ಇದನ್ನೇ. ಸುಣ್ಣದ ಗಿಲಾವು ಇದ್ದಾಗ ಏರಿದ ತೇವ ಗೋಡೆಯ ಮೈಯಿಂದ ಆವಿಯಾಗಿ ಹೋಗುತ್ತಿತ್ತು. ಸಿಮೆಂಟು ಆ ದಾರಿ ಮುಚ್ಚಿತು. ನೀರು ನಿಲ್ಲಲಿಲ್ಲ, ಹೊರಬರಲು ಇನ್ನೂ ಮೇಲಿನ ಜಾಗ ಹುಡುಕಿತು. ಅದರ ಜತೆ ಕರಗಿ ಬಂದ ಉಪ್ಪು ಸಿಮೆಂಟಿನ ಬೆನ್ನಿಗೆ ಕೂತು ಹರಳುಗಟ್ಟಿ ಇಟ್ಟಿಗೆಯನ್ನೇ ಪುಡಿ ಮಾಡತೊಡಗಿತು. ದುಡ್ಡು ಕೊಟ್ಟು ಗೋಡೆಯನ್ನು ಕೆಡಿಸಿಕೊಳ್ಳುವುದೆಂದರೆ ಇದು.

ಹಾಗಾದರೆ ಏನು ಮಾಡಬೇಕು? ಗೋಡೆ ಬಿಟ್ಟು ಹೊರಗೆ ಹೋಗಿ ನಿಲ್ಲಿ, ಮಳೆ ಬರುವಾಗ. ಸಾವಿರ ಚದರಡಿ ಮಾಡೆಂದರೆ ಸುಮಾರು 93 ಚದರ ಮೀಟರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ಒಂದಂಗುಲ ಮಳೆ ಹೊಯ್ದರೆ ಆ ಮಾಡಿನಿಂದ ಇಳಿಯುವುದು 2,300 ಲೀಟರಿಗೂ ಹೆಚ್ಚು. ದೋಣಿ ಮುರಿದು, ಕೊಳವೆ ಕಟ್ಟಿಕೊಂಡು, ಅಷ್ಟೂ ನೀರು ಗೋಡೆಯ ಬುಡಕ್ಕೇ ಬಿದ್ದರೆ ಒಳಗೆ ಎಂಥ ಬಣ್ಣ ಬಳಿದರೇನು? ಇನ್ನೊಂದು ನಮ್ಮ ಊರುಗಳಿಗೇ ವಿಶೇಷವಾದ ತೊಂದರೆ. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು ಬೀದಿ ಎತ್ತರವಾಗಿ ಮನೆ ತಗ್ಗಿಗೆ ಬಂದಿರುತ್ತದೆ. ಮೂರು ಮೆಟ್ಟಿಲಿದ್ದ ಮನೆಗೆ ಈಗ ಒಂದೇ ಮೆಟ್ಟಿಲು ಕಾಣುತ್ತಿದ್ದರೆ ಸಂಶಯವೇ ಬೇಡ. ಅಂಗಳಕ್ಕೆ ಹಿಂದಿನವರು ಹಾಕಿಸಿದ ಸಿಮೆಂಟು ಗೋಡೆಯತ್ತ ಇಳಿಜಾರಾಗಿದ್ದರೂ ಇದೇ ಗತಿ.

ಮೇಷ್ಟ್ರ ಮನೆಯಲ್ಲಿ ಜುಲೈನಲ್ಲಿ ತಿಳಿದದ್ದು ಇದೇ. ನಡುಮನೆಯ ಗೋಡೆ ತೇವವಾಗುತ್ತಿದ್ದದ್ದು ನೆಲದಿಂದಲ್ಲ. ಬಚ್ಚಲಿನ ಹಳೆಯ ಕಬ್ಬಿಣದ ಪೈಪು ಗೋಡೆಯೊಳಗೆ ತೂತಾಗಿತ್ತು. ನೀರು ಬಿಡುವ ದಿನ ಕಲೆ ಹಿಗ್ಗುತ್ತಿತ್ತು, ಬಿಡದ ದಿನ ಕುಗ್ಗುತ್ತಿತ್ತು. ಮಗಳ ಪುಸ್ತಕದಲ್ಲಿ ತಾರೀಖು ಸಮೇತ ಅದು ದಾಖಲಾಗಿತ್ತು. ಪೈಪು ಬದಲಾಯಿಸಲು ಆದ ಖರ್ಚು ಇಡೀ ಗೋಡೆಗೆ ಸಿಮೆಂಟು ಮಾಡಿಸುವ ಖರ್ಚಿನಲ್ಲಿ ಒಂದು ಸಣ್ಣ ಪಾಲು.

ತೇವ ಗೋಡೆಯೊಳಗಿನದೋ ಕೋಣೆಯ ಗಾಳಿಯದೋ ಎಂಬುದಕ್ಕೆ ಒಂದು ಸುಲಭ ಪ್ರಯೋಗ ಇದೆ. ಊಟದ ಡಬ್ಬಿಗೆ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ಒಂದಡಿ ಚೌಕ ಕತ್ತರಿಸಿ, ಕಲೆಯ ಮೇಲೆ ಇಟ್ಟು, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪು ಅಂಟಿಸಿ ಎರಡು ದಿನ ಬಿಡಿ. ಹನಿ ಹಾಳೆಯ ಹಿಂದೆ ಕಂಡರೆ ನೀರು ಗೋಡೆಯೊಳಗಿದೆ. ಮುಂದೆ ಕಂಡರೆ ಅದು ಅಡುಗೆಮನೆ, ಬಚ್ಚಲಿನ ಆವಿ. ಆಗ ಬೇಕಾದ್ದು ಕಿಟಕಿ ತೆರೆಯುವುದಷ್ಟೆ.

ಸುಣ್ಣದ ಮಹಿಮೆ

ನೀರಿನ ಮೂಲ ನಿಲ್ಲಿಸಿದ ಮೇಲೆ ಗೋಡೆ ಒಣಗಲು ಬಿಡಿ. ದಪ್ಪ ಗೋಡೆಗೆ ತಿಂಗಳುಗಳೇ ಬೇಕು. ಆಮೇಲೆ ಸುಣ್ಣದ ಗೋಡೆಗೆ ಸುಣ್ಣದ ಗಿಲಾವೇ ಆಗಬೇಕು. ಹಿಂದೆ ಎತ್ತು ಕಟ್ಟಿದ ಗಾಣದಲ್ಲಿ ಗಾರೆ ಅರೆದು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಸೇರಿಸುತ್ತಿದ್ದರು. ಈಗ ಅರಳಿಸಿದ ಸುಣ್ಣ ಪುಡಿಯಾಗಿ ಚೀಲದಲ್ಲೇ ಸಿಗುತ್ತದೆ. ಕೆಲಸ ಬಲ್ಲ ಮೇಸ್ತ್ರಿ ಸಿಗುವುದೇ ಕಷ್ಟ. ಹಳೆಯ ದೇವಸ್ಥಾನ, ಅರಮನೆ, ಚರ್ಚುಗಳ ರಿಪೇರಿ ನಡೆದಿರುವ ಕಡೆ ವಿಚಾರಿಸಿದರೆ ಒಬ್ಬರಾದರೂ ಸಿಕ್ಕಾರು.

ಹೈಸ್ಕೂಲು ರಸಾಯನಶಾಸ್ತ್ರ ಇಲ್ಲಿ ಗೋಡೆಯ ಮೇಲೇ ಇದೆ. ಸುಣ್ಣದ ಕಲ್ಲೆಂದರೆ ಕ್ಯಾಲ್ಸಿಯಂ ಕಾರ್ಬೋನೇಟ್. ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಂದಾಗ ಇಂಗಾಲದ ಡೈಆಕ್ಸೈಡ್ ಬಿಟ್ಟು ಸುಟ್ಟ ಸುಣ್ಣವಾಗುತ್ತದೆ. ನೀರು ಹೊಯ್ದರೆ ಬುಸುಗುಟ್ಟಿ ಕಾದು ಅರಳಿದ ಸುಣ್ಣ. ಗೋಡೆಗೆ ಬಳಿದ ಮೇಲೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಮೆಲ್ಲಗೆ ಹೀರಿ ಮತ್ತೆ ಕಲ್ಲಾಗುತ್ತದೆ. ಪ್ರಯೋಗಶಾಲೆಯಲ್ಲಿ ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿದಾಗ ಹಾಲಿನಂತಾಗುವುದು ಇದೇ ಕ್ರಿಯೆಯಿಂದ. ಕಲ್ಲಿನಿಂದ ಹೊರಟು ಕಲ್ಲಿಗೇ ಮರಳುವ ಈ ಸುತ್ತು ನಿಧಾನದ್ದು, ಅದಕ್ಕೇ ಆತುರದವರಿಗೆ ಸುಣ್ಣ ಒಗ್ಗುವುದಿಲ್ಲ. ಒಂದು ಎಚ್ಚರಿಕೆ: ಸುಣ್ಣ ಅರಳಿಸುವ ಜಾಗಕ್ಕೆ ಚಿಕ್ಕ ಮಕ್ಕಳು ಸುಳಿಯಕೂಡದು. ಕಣ್ಣಿಗೆ ಸಿಡಿದರೆ ಅನಾಹುತ. ನೋಡುವ ಆಸೆಯಿದ್ದರೆ ಕಿಟಕಿಯಾಚೆಯಿಂದ.

ತಲೆಯ ಮೇಲೆ

ಹೆಂಚಿನ ಮನೆಯಾದರೆ ಒಡೆದ ಹೆಂಚು, ಗೆದ್ದಲು ತಿಂದ ರೀಪು ಬದಲಾಯಿಸುವುದು ಬೇಸಿಗೆಯ ಕೆಲಸ. ಮೇ ದಾಟಿಸಬೇಡಿ. ಇಳಿಸಿದ ಹೆಂಚಿನ ಬೆನ್ನನ್ನು ಮಕ್ಕಳು ತಿರುಗಿಸಿ ಓದಲಿ, ಕಾರ್ಖಾನೆಯ ಹೆಸರು, ಮುದ್ರೆ ಅಚ್ಚಾಗಿರುತ್ತದೆ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ನೇತ್ರಾವತಿಯ ದಡದ ಜೇಡಿ ಅಲ್ಲಿಂದ ಎಲ್ಲೆಲ್ಲಿಗೋ ಹೋಯಿತು. ಒಳ್ಳೆಯ ಹಳೆಯ ಹೆಂಚನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಕಂಚಿನಂತೆ ಕೇಳಿಸುತ್ತದೆ. ಸೀಳಿದ್ದರೆ ಸದ್ದು ಸತ್ತಿರುತ್ತದೆ. ಕೇಳಿ ಬೇರ್ಪಡಿಸುವ ಈ ಕೆಲಸವನ್ನು ಮಕ್ಕಳು ಬಡಗಿಗಿಂತ ಉತ್ಸಾಹದಿಂದ ಮಾಡುತ್ತಾರೆ.

ಮದರಾಸು ತಾರಸಿಯ ಮನೆಯಲ್ಲಿ ಮರದ ಜಂತಿಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಗಾರೆಯಲ್ಲಿ ಜೋಡಿಸಿರುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರಿನ ಸುಣ್ಣದ ಕಾಂಕ್ರೀಟು. ಇದರಲ್ಲಿ ಮೊದಲು ಕೆಡುವುದು ಜಂತಿಯ ತುದಿ, ಗೋಡೆಯೊಳಗೆ ಹೂತ ಭಾಗ. ಹೊರಗೆ ನೋಡಲು ಚೆನ್ನಾಗಿಯೇ ಇರುತ್ತದೆ. ಬಡಗಿಯಿಂದ ತುದಿಯಲ್ಲಿ ತಟ್ಟಿಸಿ, ದಬ್ಬಳದಿಂದ ಚುಚ್ಚಿಸಿ ನೋಡಿ. ಇನ್ನೊಂದು ಮುಖ್ಯ ಸಂಗತಿ. ಇಂಥ ತಾರಸಿಯ ನಡುವೆ ನೀರಿನ ಟ್ಯಾಂಕು ಇಡಬೇಡಿ. ಸಾವಿರ ಲೀಟರು ನೀರೆಂದರೆ ಒಂದು ಟನ್ನು ತೂಕ. ಆ ಜಂತಿಗಳನ್ನು ಕೂರಿಸಿದ ಬಡಗಿ ಸಂಜೆಯ ಹೊತ್ತು ಚಾಪೆ ಹಾಸಿ ಕೂರುವ ಹತ್ತು ಜನರನ್ನು ನೆನೆದಿದ್ದ, ಟ್ಯಾಂಕನ್ನಲ್ಲ. ಟ್ಯಾಂಕಿಗೆ ಹಿತ್ತಲಲ್ಲಿ ಬೇರೆಯೇ ಕಂಬ ಕಟ್ಟಿಸಿ.

ವಿದ್ಯುತ್ತಿನ ವಿಷಯದಲ್ಲಿ ಮಾತ್ರ ಕಾಯುವ ಮಾತಿಲ್ಲ. ಸಾಮಾನು ಸಾಗಿಸುವ ಮೊದಲೇ ಆಗಬೇಕಾದ ಕೆಲಸವದು. ಹಳೆಯ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಬಟ್ಟೆ ಸುತ್ತಿದ ರಬ್ಬರಿನ ವೈರು ಇನ್ನೂ ಇದ್ದರೂ ಇರಬಹುದು. ಆ ರಬ್ಬರು ಮುಟ್ಟಿದರೆ ಪುಡಿ. ನಾಲ್ಕು ಬಲ್ಬು, ಒಂದು ರೇಡಿಯೋ ಇದ್ದ ಕಾಲದ ವೈರು ಅದು. ಮಕ್ಕಳಿಗೊಂದು ಲೆಕ್ಕ ಕೊಡಿ: 2000 ವಾಟಿನ ಗೀಸರು 230 ವೋಲ್ಟಿನಲ್ಲಿ ಎಷ್ಟು ಆಂಪಿಯರ್ ಎಳೆಯುತ್ತದೆ? ಎಂಟೂ ಮುಕ್ಕಾಲಿನ ಹತ್ತಿರ. ಅದನ್ನು 5 ಆಂಪಿಯರಿನ ಹಳೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಏನಾದೀತು? ಅರ್ಥಿಂಗ್ ಹೊಸದಾಗಿ ಮಾಡಿಸಿ, ಪರವಾನಗಿ ಇರುವ ಗುತ್ತಿಗೆದಾರರಿಂದಲೇ ವೈರಿಂಗ್ ಮಾಡಿಸಿ, 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ತಪ್ಪದೆ ಹಾಕಿಸಿ. ಹೋದ ವಿದ್ಯುತ್ತಿಗೂ ಮರಳಿ ಬಂದ ವಿದ್ಯುತ್ತಿಗೂ ಅಷ್ಟು ವ್ಯತ್ಯಾಸ ಕಂಡೊಡನೆ, ಎಂದರೆ ಯಾರದೋ ಮೈಮೂಲಕ ನೆಲಕ್ಕೆ ಹರಿಯುತ್ತಿದೆ ಎನ್ನುವಷ್ಟರಲ್ಲಿ, ಅದು ಸಂಪರ್ಕ ಕಡಿಯುತ್ತದೆ. ಅಡುಗೆಮನೆಯ ಗ್ರಾನೈಟು ಒಂದು ವರ್ಷ ತಡವಾದರೆ ಯಾರಿಗೂ ಏನೂ ಆಗುವುದಿಲ್ಲ.

ಬಣ್ಣ ಕೆರೆಯುವ ಮುನ್ನ

ಎಳೆಯ ಮಕ್ಕಳಿರುವ ಮನೆಯವರು ಇದನ್ನು ಗಮನವಿಟ್ಟು ಓದಬೇಕು. ಹಳೆಯ ಎಣ್ಣೆಬಣ್ಣಗಳಲ್ಲಿ, ಅದರಲ್ಲೂ ಕಿಟಕಿ ಸರಳು, ಬಾಗಿಲಿಗೆ ಬಳಿದ ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ಸೀಸ ಇರುವ ಸಂಭವ ಹೆಚ್ಚು. ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಕೂಡದೆಂದು ನಮ್ಮ ದೇಶದಲ್ಲಿ 2016ರಲ್ಲಿ ನಿಯಮ ಬಂತು, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಮುಂಚಿನ ಬಣ್ಣದಲ್ಲಿ ಏನಿತ್ತೋ ಯಾರು ಬಲ್ಲರು? ಸೀಸದ ಧೂಳು ಚಿಕ್ಕ ಮಕ್ಕಳ ಮಿದುಳಿಗೆ, ಕಲಿಯುವ ಶಕ್ತಿಗೆ ಪೆಟ್ಟು ಕೊಡುತ್ತದೆ. ಆದ್ದರಿಂದ ಒಣಗಿದ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿಸಬೇಡಿ, ಬೆಂಕಿಯಿಂದ ಸುಡಿಸಲೂಬೇಡಿ. ನೀರು ಹಚ್ಚಿ ಒದ್ದೆಯಲ್ಲೇ ಉಜ್ಜಿಸಿ, ನೆಲಕ್ಕೆ ಪ್ಲಾಸ್ಟಿಕ್ ಹಾಸಿಸಿ, ಬಿದ್ದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಸಿ. ಆ ದಿನಗಳಲ್ಲಿ ಚಿಕ್ಕವರೂ ಗರ್ಭಿಣಿಯರೂ ಅಜ್ಜಿಯ ಮನೆಯಲ್ಲಿರಲಿ. ಹಿತ್ತಲ ಕೊಟ್ಟಿಗೆಗೆ ಆಸ್‌ಬೆಸ್ಟಾಸ್ ಶೀಟು ಇದ್ದರೆ ಅದನ್ನೂ ಗರಗಸ ಹಾಕದೆ, ಒಡೆಯದೆ ಇಡಿಯಾಗಿಯೇ ಇಳಿಸಬೇಕು.

ಹಳೆಯ ಸಾಮಾನು ಕೊಳ್ಳುವವರು ಗೃಹಪ್ರವೇಶದ ಸುದ್ದಿ ಹೇಗೋ ತಿಳಿದು ಬಾಗಿಲಿಗೆ ಬರುತ್ತಾರೆ. ತೇಗದ ಬಾಗಿಲು, ಬೀಟೆಯ ಕಂಬ, ಹಿತ್ತಾಳೆಯ ಚಿಲಕಕ್ಕೆ ಅವರು ಹೇಳುವ ಬೆಲೆ ದೊಡ್ಡದಾಗಿ ಕೇಳಿಸುತ್ತದೆ. ಅದೇ ಅಳತೆಯ ಹೊಸ ತೇಗದ ಬಾಗಿಲಿಗೆ ಬಡಗಿ ಏನು ಹೇಳುತ್ತಾನೆ ಎಂದು ಕೇಳಿಕೊಂಡು ಆಮೇಲೆ ಉತ್ತರ ಕೊಡಿ. ಕೆಡವುತ್ತಿದ್ದ ಮನೆಗಳನ್ನು ಕಂಬ, ತೊಲೆ, ಬಾಗಿಲು ಸಮೇತ ಬಿಚ್ಚಿ ತಂದು ಮಣಿಪಾಲದಲ್ಲಿ ಮರುಜೋಡಿಸಿದ ವಿಜಯನಾಥ ಶೆಣೈ ಅವರ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ಮಕ್ಕಳಿಗೆ ಒಮ್ಮೆ ತೋರಿಸುವುದು ಒಳ್ಳೆಯದು. ಮನೆಯಲ್ಲಿ ದಿನಾ ಕಾಲೊರೆಸುವ ಹೊಸ್ತಿಲು ಎಂಥದೆಂದು ಬಂದ ಮೇಲೆ ಬಗ್ಗಿ ನೋಡುತ್ತಾರೆ. ಕೆಂಪು ನೆಲದ ಮಾತೂ ಅಷ್ಟೆ. ಅದರ ಮೇಲೆಯೇ ಹೊಸ ಟೈಲ್ಸ್ ಹಾಕಿಸಿದರೆ ನೆಲ ಒಂದಂಗುಲಕ್ಕೂ ಹೆಚ್ಚು ಏರುತ್ತದೆ, ಬಾಗಿಲುಗಳ ಬುಡ ಕೊಯ್ಯಬೇಕಾಗುತ್ತದೆ, ಬಚ್ಚಲಿನ ಇಳಿಜಾರು ಕೆಡುತ್ತದೆ. ಆಸಿಡ್ ಮುಟ್ಟಿಸದೆ ಸಾಬೂನು ನೀರಿನಲ್ಲಿ ತೊಳೆದು, ಒಣಗಿಸಿ, ಮೇಣದ ಪಾಲಿಶ್ ಕೊಟ್ಟು ನೋಡಿ. ಬಿರುಕುಗಳು ಉಳಿಯುತ್ತವೆ, ನಿಜ. ನನಗಂತೂ ಅವು ಕುಂದೆನಿಸುವುದಿಲ್ಲ. ನಿಮ್ಮ ಮನೆಯವರು ಒಪ್ಪದಿದ್ದರೆ ಚಾಪೆ ಇದ್ದೇ ಇದೆ.

ಎಲ್ಲಿ ಯಾವುದು?

ಹಳೆಯ ಮನೆಯನ್ನು ಓರಣ ಮಾಡುವುದು ಹೊಸ ಫ್ಲ್ಯಾಟನ್ನು ಓರಣ ಮಾಡಿದ ಹಾಗಲ್ಲ. ಕೋಣೆಗಳು ಸಣ್ಣವು, ಪ್ಲಗ್ಗುಗಳು ಕಡಿಮೆ, ಗೋಡೆ ನೇರವಾಗಿರುವುದಿಲ್ಲ. ಆದರೆ ಗೂಡುಗಳುಂಟು, ಅಟ್ಟವುಂಟು, ಜಗಲಿಯುಂಟು. ಅಳೆಯದೆ ಒಂದು ಬೀರುವನ್ನೂ ಕೊಳ್ಳಬೇಡಿ. ಬಾಗಿಲಲ್ಲಿ ಹಿಡಿಸದೆ ಜಗಲಿಯಲ್ಲೇ ಮಳೆಗೆ ನೆನೆದ ಬೀರುಗಳ ಕತೆ ಎಲ್ಲ ಬೀದಿಯಲ್ಲೂ ಒಂದಿದೆ. ಸಾಮಾನಿನ ಪೆಟ್ಟಿಗೆಗಳಿಗೆ ಅಂಕೆ ಹಾಕಿ, ಯಾವ ಅಂಕೆಯಲ್ಲಿ ಏನಿದೆಯೆಂದು ಮಕ್ಕಳು ಪುಸ್ತಕದಲ್ಲಿ ಬರೆದಿಡಲಿ. ಮೊದಲ ತಿಂಗಳು ಬೇಕಾದ್ದನ್ನು ಮಾತ್ರ ಬಿಚ್ಚಿ. ಆರು ತಿಂಗಳಾದರೂ ಬಿಚ್ಚದ ಪೆಟ್ಟಿಗೆ ಅಟ್ಟಕ್ಕೆ ಹೋಗಬೇಕೋ ಬೇರೆಯವರ ಮನೆಗೆ ಹೋಗಬೇಕೋ ಆಮೇಲೆ ಕೂತು ಜಗಳವಾಡಬಹುದು.

ಪುಸ್ತಕದ ಕಪಾಟನ್ನು ಹೊರಗೋಡೆಗೆ ಒತ್ತಿ ಇಡಬೇಡಿ. ಗೋಡೆಯಿಂದ ಎರಡಂಗುಲ ದೂರ, ನೆಲದಿಂದ ನಾಲ್ಕಂಗುಲ ಮೇಲೆ ಇರಲಿ. ಗೆದ್ದಲು ಮಣ್ಣಿನಿಂದ ಮಣ್ಣಿನ ಕೊಳವೆ ಕಟ್ಟಿಕೊಂಡೇ ಬರುವ ಹುಳು. ಹಿಂದೆ ಟಾರ್ಚು ಬಿಟ್ಟು ನೋಡುವಷ್ಟು ಸಂದಿದ್ದರೆ ತಿಂಗಳಿಗೊಮ್ಮೆ ನೋಡಿ ಪತ್ತೆ ಹಚ್ಚಬಹುದು. ಕೊಳವೆ ಒರೆಸಿಬಿಟ್ಟರೆ ಸಾಲದು. ಗೋಡೆಯ ಬುಡದ ಮಣ್ಣಿಗೇ ಔಷಧ ಹಾಕಿಸಬೇಕು, ಅದು ತಿಳಿದವರ ಕೆಲಸ. ಅಂಕಪಟ್ಟಿ, ಜನನ ಪ್ರಮಾಣಪತ್ರ, ಮನೆಯ ಮೂಲಪತ್ರಗಳಿಗೆ ಕಬ್ಬಿಣದ ಪೆಟ್ಟಿಗೆಯೇ ಸರಿ.

ಓದುವ ಜಾಗದ ಬಗ್ಗೆ ದೊಡ್ಡವರು ನಕ್ಷೆ ನೋಡಿ ತೀರ್ಮಾನ ಮಾಡಬಾರದು. ಮಕ್ಕಳು ಒಂದು ವಾರ ಮಡಚುವ ಮೇಜು ಹಿಡಿದು ಮನೆಯ ಬೇರೆ ಬೇರೆ ಕಡೆ ಕೂತು ನೋಡಲಿ. ಬೆಳಿಗ್ಗೆ ಬೆಳಕು ಎಲ್ಲಿ, ಸಂಜೆ ಸೊಳ್ಳೆ ಎಲ್ಲಿ, ಟಿ.ವಿ. ಸದ್ದು ಎಲ್ಲಿಗೆ ಮುಟ್ಟುವುದಿಲ್ಲ ಎಂಬುದು ಅವರಿಗೇ ಗೊತ್ತಾಗುತ್ತದೆ. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡಗಡೆಯಿಂದ ಬರಬೇಕು, ಎಡಗೈಯವರಿಗೆ ಬಲಗಡೆಯಿಂದ. ಮೇಷ್ಟ್ರ ಮಗಳು ಕೊನೆಗೆ ಆರಿಸಿಕೊಂಡದ್ದು ಕೋಣೆಯನ್ನಲ್ಲ, ಅಟ್ಟದ ಮೆಟ್ಟಿಲ ಕೆಳಗಿನ, ಹಿತ್ತಲಿಗೆ ಕಿಟಕಿಯಿರುವ ಐದಡಿ ಜಾಗ. ಕೇಳಿದ್ದ ಬಾಗಿಲಿನ ಬದಲು ಒಂದು ಪರದೆ ಸಾಕಾಯಿತು. ತೆಗೆಯಬಹುದಾಗಿದ್ದ ಆ ಅಡ್ಡಗೋಡೆಯನ್ನು ತೆಗೆದ ಮೇಲೆ ಗಾಳಿ ಕೂಡ ಬರತೊಡಗಿತು.

ಕೆಲಸದ ಹೊತ್ತುಗೊತ್ತನ್ನು ಶಾಲೆಯ ಪಂಚಾಂಗದ ಮೇಲೆ ಇಟ್ಟುಕೊಳ್ಳುವುದು ಮೇಲು. ಬೇಸಿಗೆ ರಜೆಯಲ್ಲಿ ಮಾಡು, ವೈರಿಂಗು, ಮಳೆನೀರಿನ ದೋಣಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಮುಟ್ಟದೆ ನೋಡಿ ಬರೆದಿಡುವುದು, ಪೈಪು, ಚರಂಡಿ ಸರಿಮಾಡಿಸುವುದು. ಮಳೆ ಹಿಂದಾದ ಮೇಲೆ, ದಸರಾ ರಜೆಯ ಹೊತ್ತಿಗೆ ಗಿಲಾವು. ಅದು ಒಣಗಿದ ಮೇಲೆ ಡಿಸೆಂಬರ್, ಜನವರಿಯಲ್ಲಿ ಸುಣ್ಣ ಬಣ್ಣ, ನೀಲಿ ಕೋಣೆ ಕೇಳಿದವನಿಗೆ ನೀಲಿ. ದುರಸ್ತಿಗೆಂದು ತೆಗೆದಿಟ್ಟ ದುಡ್ಡಿನಲ್ಲಿ ಕಾಲುಭಾಗ ಕೊನೆಯವರೆಗೂ ಮುಟ್ಟದೆ ಇರಲಿ, ಹಳೆಯ ಮನೆ ಅದಕ್ಕೊಂದು ದಾರಿ ತಾನೇ ತೋರಿಸುತ್ತದೆ. ಫೆಬ್ರವರಿ ಬಂತೆಂದರೆ ಸುತ್ತಿಗೆಯ ಸದ್ದು ನಿಲ್ಲಬೇಕು. ಉಳಿದ ಕೆಲಸ ಏನಿದ್ದರೂ, ಅಡುಗೆಮನೆಯೇ ಆಗಿರಲಿ, ಪರೀಕ್ಷೆ ಮುಗಿದ ಮೇಲೆ ಏಪ್ರಿಲ್‌ಗೆ.